ದ್ರಾಕ್ಷಿ ಪಡಕ್ಕೆ ಬಂದ ಗಣಿತದ ಮಾಸ್ತರು

ಜತ್ತ ತಾಲೂಕಿನ ದ್ರಾಕ್ಷಿ ಬೆಳೆಗಾರರು ಚಾಟ್ನಿ ಹೊತ್ತಿನಲ್ಲಿ ಒಮ್ಮೆಯಾದರೂ ನೆನೆಯಬೇಕಾದ ಹೆಸರು ಶ್ರೀಪಾದ ಅಚ್ಯುತ ದಾಭೋಳಕರ. ಅವರೇನು ಕೃಷಿ ಕಾಲೇಜು ಕಲಿತವರಲ್ಲ, ಗಣಿತ ಕಲಿಸುವ ಮಾಸ್ತರು.

ಮನೆತನ ಸಾತಾರದ್ದು. ಅಣ್ಣ ದೇವದತ್ತರು ಶಿಕ್ಷಣ ಕ್ಷೇತ್ರದಲ್ಲಿ ಹೆಸರಾದವರು. ಕೊನೆಯ ತಮ್ಮ ಡಾ. ನರೇಂದ್ರರು ಮೂಢನಂಬಿಕೆ ವಿರುದ್ಧ ಹೋರಾಡಿ, 2013ರಲ್ಲಿ ಪುಣೆಯಲ್ಲಿ ಗುಂಡಿಗೆ ಬಲಿಯಾದರು. ಶ್ರೀಪಾದರು ಕೊಲ್ಹಾಪುರ ಜಿಲ್ಲೆಯ ಗಾರಗೋಟಿಯಲ್ಲಿ, ಮೌನಿ ವಿದ್ಯಾಪೀಠದಲ್ಲಿ ಕೆಲಸ ಮಾಡಿದರು. ಅಲ್ಲಿಂದ ರೈತರ ಕಡೆ ಹೊರಳಿ 1960ರ ದಶಕದಲ್ಲಿ ಪ್ರಯೋಗ ಪರಿವಾರ ಕಟ್ಟಿದರು.

ಅದರ ಕ್ರಮ ಸರಳ. ರೈತ ತನ್ನ ಹೊಲದಲ್ಲೇ ಪ್ರಯೋಗ ಮಾಡಬೇಕು, ಕಂಡದ್ದನ್ನು ಬರೆದಿಡಬೇಕು, ಉಳಿದವರಿಗೆ ಹೇಳಬೇಕು. ಇಲ್ಲಿ ಗುರುವೂ ಇಲ್ಲ, ಶಿಷ್ಯನೂ ಇಲ್ಲ. ತಾಸಗಾಂವ ಭಾಗಕ್ಕೆ ಥಾಮ್ಸನ್ ಬೀಜರಹಿತ ದ್ರಾಕ್ಷಿ ಹೊಸದಾಗಿದ್ದ ಕಾಲ. ಗೊಂಚಲಿಗೆ ರಸ ತುಂಬುವುದು ಬಿಸಿಲು ಕುಡಿದ ಎಲೆ, ಎಲೆಯೇ ಬಳ್ಳಿಯ ಅಡಿಗೆಮನೆ. ಹಾಗಾದರೆ ಎಲೆ ಎಷ್ಟಿರಬೇಕು, ಗೊಂಚಲು ಎಷ್ಟು ಬಿಡಬೇಕು? ಮಾಸ್ತರು ಬೆಳೆಗಾರರಿಗೆ ಈ ಲೆಕ್ಕ ಹಚ್ಚಿದರು. ಅದೇ ತಾಸಗಾಂವ ನೆಲದಲ್ಲಿ, ಬೋರಗಾಂವದ ವಸಂತರಾವ ಆರ್ವೆಯವರು ಥಾಮ್ಸನ್ ಬಳ್ಳಿಯಿಂದಲೇ 'ತಾಸ್-ಎ-ಗಣೇಶ' ತಳಿ ಆರಿಸಿ ತೆಗೆದರು. ಬಳ್ಳಿಯನ್ನು ಕಣ್ಣಿಟ್ಟು ನೋಡುವ ರೈತನೇ ವಿಜ್ಞಾನಿ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಐದು ಮಂದಿಯ ಕುಟುಂಬಕ್ಕೆ ಹತ್ತು ಗುಂಟೆ ನೆಲ ಸಾಕಾಗಬೇಕು ಅಂತ ದಾಭೋಳಕರರು ಮುಂದೆ ಲೆಕ್ಕ ಹಾಕಿದರು. 1998ರಲ್ಲಿ 'ಪ್ಲೆಂಟಿ ಫಾರ್ ಆಲ್' ಪುಸ್ತಕ ಬಂತು. 2001ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಮಹಾರಾಷ್ಟ್ರ ಸರಕಾರ ವೈನ್ ಉದ್ಯಮಕ್ಕೆ ನೀತಿ ತಂದಿತು. ನಮ್ಮ ಜಿಲ್ಲೆಯ ಪಲೂಸಕ್ಕೂ ಕೃಷ್ಣಾ ವ್ಯಾಲಿ ವೈನ್ ಪಾರ್ಕ್ ಬಂತು.

ಕೆಂಪು ವೈನ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕಾದು ಬೆಲೆ ಏರಿಸಿಕೊಳ್ಳುತ್ತದೆ. ಬಳ್ಳಿಯ ಮೇಲಿನ ಹಣ್ಣಾದ ಗೊಂಚಲು ಒಂದು ರಾತ್ರಿಯ ಅಕಾಲ ಮಳೆಗೂ ಕಾಯಲಾರದು. ಕಾರ್ಖಾನೆಯ ಒಡೆತನ ಯಾರದೋ ಇರಬಹುದು. ಬಳ್ಳಿಯ ಬಗೆಗಿನ ಅರಿವಿನ ಒಡೆತನವಾದರೂ ಬೆಳೆಗಾರನದೇ ಇರಬೇಕಲ್ಲವೇ? ಇವತ್ತು ಔಷಧ ಅಂಗಡಿಯವರು ಬರೆದುಕೊಟ್ಟ ಚೀಟಿ ನೋಡಿ ಸಿಂಪಡಿಸುವವರೇ ನಮ್ಮಲ್ಲಿ ಹೆಚ್ಚು. ಸಾಲದ ಅರ್ಧ ಅಲ್ಲೇ ಹುಟ್ಟುತ್ತದೆ.

ಈ ಸಲ ಚಾಟ್ನಿ ಮುಗಿದ ಮೇಲೆ ಒಂದು ನೋಟುಬುಕ್ಕು ಇಡೋಣ. ಎಲೆ ಎಷ್ಟು, ಗೊಂಚಲು ಎಷ್ಟು, ನೀರು ಎಷ್ಟು ಅಂತ ಬರೆಯೋಣ. ಕನ್ನಡದಲ್ಲಿ ಬರೆದರೂ ಸರಿ, ಮರಾಠಿಯಲ್ಲಿ ಬರೆದರೂ ಸರಿ. ಬದುವಿನಾಚೆಯ ನೆರೆಯವರಿಗೆ ತೋರಿಸಿದರಾಯಿತು. ಮಾಸ್ತರಿಗೆ ಅದೇ ದಕ್ಷಿಣೆ.