ಪೈಯ ಗುಟ್ಟು ಬಿಡಿಸಿದ ದರ್ಜಿಯ ಮಗ



ವೃತ್ತದ ಲೆಕ್ಕ ಬಂದರೆ ನಾವೆಲ್ಲ ಪೈ ಬೆಲೆಯನ್ನು 22/7 ಎಂದು ಹಾಕುತ್ತೇವೆ. ಆದರೆ 22ನ್ನು 7ರಿಂದ ಭಾಗಿಸಿದರೆ 3.142857 ಬಂದು, ಬಿಂದುವಿನ ನಂತರದ ಆ ಆರು ಅಂಕಿಗಳೇ ಮತ್ತೆ ಮತ್ತೆ ಬರುತ್ತವೆ. ಪೈ ಮಾತ್ರ 3.14159 ಎಂದು ಸಾಗುತ್ತದೆ. ಬೇರೆ ಯಾವುದಾದರೂ ದೊಡ್ಡ ಭಿನ್ನರಾಶಿ ಪೈಗೆ ಸರಿಯಾಗಿ ಹೊಂದಬಹುದೇ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ಸಮರಕಂದದ ಅಲ್ ಕಾಶಿ ಅವರು 1424ರಲ್ಲೇ ಪೈಯನ್ನು 16 ದಶಮಾಂಶ ಸ್ಥಾನಗಳವರೆಗೆ ಸರಿಯಾಗಿ ಲೆಕ್ಕ ಹಾಕಿದ್ದರು. ಆದರೆ ಎಷ್ಟೇ ಅಂಕಿಗಳು ಸಿಕ್ಕರೂ ಈ ಪ್ರಶ್ನೆಗೆ ಉತ್ತರ ಸಿಗದು. ಅದಕ್ಕೆ ಸಾಧನೆಯೇ ಬೇಕು. ಅದನ್ನು ಮೊದಲು ಕೊಟ್ಟವರು ಯೋಹಾನ್ ಹೈನ್ರಿಖ್ ಲ್ಯಾಂಬರ್ಟ್.

ಲ್ಯಾಂಬರ್ಟ್ ಅವರು 1728ರಲ್ಲಿ, ಇಂದು ಫ್ರಾನ್ಸ್‌ನಲ್ಲಿರುವ ಮ್ಯೂಲೂಸ್ ಪಟ್ಟಣದಲ್ಲಿ ಬಡ ದರ್ಜಿಯೊಬ್ಬರ ಮಗನಾಗಿ ಹುಟ್ಟಿದರು. 12ನೇ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಕೆಲಸಕ್ಕೆ ನೆರವಾಗಬೇಕಾಯಿತು. ಮುಂದೆ ಕಬ್ಬಿಣದ ಕಾರ್ಖಾನೆಯಲ್ಲಿ ಲೆಕ್ಕ ಬರೆದರು, ಬಾಸೆಲ್ ನಗರದ ಪತ್ರಿಕಾ ಸಂಪಾದಕರೊಬ್ಬರ ಬಳಿ ಕಾರ್ಯದರ್ಶಿಯಾದರು. ಬಿಡುವಿನಲ್ಲಿ ಗಣಿತ, ಖಗೋಳ ವಿಜ್ಞಾನ, ತತ್ತ್ವಶಾಸ್ತ್ರಗಳನ್ನು ತಾವೇ ಓದಿಕೊಂಡರು. 20ನೇ ವಯಸ್ಸಿಗೆ ಸ್ವಿಟ್ಜರ್ಲೆಂಡಿನ ಕೂರ್ ಪಟ್ಟಣದ ಶ್ರೀಮಂತ ಮನೆತನವೊಂದರಲ್ಲಿ ಮಕ್ಕಳಿಗೆ ಮನೆಪಾಠ ಹೇಳುವ ಕೆಲಸ ಸಿಕ್ಕಿತು. ಆ ಮನೆಯ ಗ್ರಂಥಾಲಯವೇ ಅವರ ಕಾಲೇಜಾಯಿತು.

ಅವರ ಸಾಧನೆಯ ದಾರಿ ನನಗೆ ಬಹಳ ಇಷ್ಟ. ಅವರು ಪೈಯನ್ನು ನೇರವಾಗಿ ಹಿಡಿಯಲು ಹೋಗದೆ, ನಾವು ತ್ರಿಕೋನಮಿತಿಯಲ್ಲಿ ಓದುವ ಟ್ಯಾನ್ ಮೂಲಕ ಹೋದರು. ಮೊದಲು ಟ್ಯಾನ್ ಅನ್ನು ಭಿನ್ನರಾಶಿಯೊಳಗೆ ಭಿನ್ನರಾಶಿಯಾಗಿ, 1, 3, 5, 7 ಎಂದು ಬೆಸಸಂಖ್ಯೆಗಳ ಜೊತೆ ಮುಗಿಯದೆ ಇಳಿಯುವ ಸರಪಳಿಯಾಗಿ ಬರೆದರು. ಕೋನವು ರೇಡಿಯನ್‌ನಲ್ಲಿ ಸೊನ್ನೆಯಲ್ಲದ ಭಾಗಲಬ್ಧ ಸಂಖ್ಯೆಯಾಗಿದ್ದರೆ, ಅದರ ಟ್ಯಾನ್ ಬೆಲೆ ಭಾಗಲಬ್ಧವಾಗಿರಲು ಸಾಧ್ಯವೇ ಇಲ್ಲ ಎಂದು ಆ ಸರಪಳಿಯಿಂದ ತೋರಿಸಿದರು. ಉಳಿದದ್ದು ನಮಗೂ ಸುಲಭ. 45 ಡಿಗ್ರಿ ಎಂದರೆ π/4 ರೇಡಿಯನ್. ಅದರ ಟ್ಯಾನ್ ಬೆಲೆ 1. ಆದರೆ 1 ಭಾಗಲಬ್ಧ ಸಂಖ್ಯೆ! ಹಾಗಾದರೆ π/4 ಭಾಗಲಬ್ಧವಾಗಿರಲಾರದು. 4ರಿಂದ ಗುಣಿಸಿದರೂ ಅದು ಬದಲಾಗದು. ಆದ್ದರಿಂದ ಪೈ ಅಭಾಗಲಬ್ಧ. ಅದರ ಅಂಕಿಗಳು ಎಲ್ಲೂ ನಿಲ್ಲುವುದಿಲ್ಲ, ಒಂದೇ ಗುಂಪಾಗಿ ಮರುಕಳಿಸುತ್ತಾ ಹೋಗುವುದೂ ಇಲ್ಲ. ಈ ಪ್ರಬಂಧ 1768ರಲ್ಲಿ ಬರ್ಲಿನ್ ಅಕಾಡೆಮಿಯ ಸಂಪುಟದಲ್ಲಿ ಅಚ್ಚಾಯಿತು.

ಆ ಅಕಾಡೆಮಿಗೆ ಸೇರುವುದೂ ಅವರಿಗೆ ಸುಲಭವಾಗಿರಲಿಲ್ಲ. ಅವರ ವಿಚಿತ್ರ ಉಡುಪು, ನಡವಳಿಕೆ ಕಂಡು ದೊರೆ ಫ್ರೆಡರಿಕ್ ಮೊದಲು ಹಿಂಜರಿದರು. ಕೊನೆಗೆ 1765ರಲ್ಲಿ ನೇಮಕವಾಯಿತು. ಬೆಳಕಿನ ಅಳತೆ, ಭೂಪಟ ರಚನೆಯಲ್ಲೂ ಅವರ ಹೆಸರು ಇಂದಿಗೂ ಉಳಿದಿದೆ. ಕ್ಷಯರೋಗದಿಂದ 1777ರಲ್ಲಿ ತೀರಿಕೊಂಡಾಗ ಅವರಿಗೆ 49 ವರ್ಷ.

ನಮ್ಮಲ್ಲೂ ಕೆಲವರು ತರಗತಿ ಮುಗಿಸಿ ಅಂಗಡಿಯಲ್ಲಿ ಕೂರುತ್ತಾರೆ, ಮನೆಯಲ್ಲಿ ಹೊಲಿಗೆ ಹಾಕುತ್ತಾರೆ. ಓದಲು ಸಮಯವೆಲ್ಲಿ ಎಂದು ಅನಿಸಿದಾಗ ನಾನು ಈ ದರ್ಜಿಯ ಮಗನನ್ನು ನೆನೆಯುತ್ತೇನೆ. ಅವರಿಗೆ ಸಿಗದ ತರಗತಿ, ಕೇಳಿದರೆ ಹೇಳಿಕೊಡುವ ಉಪನ್ಯಾಸಕರು ನಮಗಿದ್ದಾರೆ. ಇನ್ನು ಮುಂದೆ ಟ್ಯಾನ್ 45 ಡಿಗ್ರಿ 1 ಎಂದು ಬರೆಯುವಾಗ ಒಂದು ಕ್ಷಣ ನಿಂತು ನೋಡಿ. ಪೈಯ ಗುಟ್ಟು ಅಲ್ಲೇ ಇದೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ