ಕೊಟ್ಟ ಮಾತು, ಮುರಿದ ಮಾತು: ಬ್ರಾಮ್ ಫಿಷರ್

ಒಂಬತ್ತನೇ ತರಗತಿಯ ನನ್ನ ಬೋಧನಾಭ್ಯಾಸದ ಪಾಠಕ್ಕೆ ದಕ್ಷಿಣ ಆಫ್ರಿಕದ ವಕೀಲ ಬ್ರಾಮ್ ಫಿಷರ್ ಅವರ ಜೀವನವನ್ನು ಆರಿಸಿಕೊಂಡೆ. ಮಂಡೇಲಾ ಮಕ್ಕಳಿಗೆ ಗೊತ್ತು. ಅವರ ಪರ ವಾದಿಸಿದವರು ಗೊತ್ತಿರಲಿಲ್ಲ.

ಫಿಷರ್ ಹುಟ್ಟಿದ್ದು 1908ರಲ್ಲಿ, ಬ್ಲೂಮ್‌ಫಾಂಟೇನ್‌ನ ಪ್ರತಿಷ್ಠಿತ ಬಿಳಿಯರ ಮನೆತನದಲ್ಲಿ. ತಂದೆ ನ್ಯಾಯಾಧೀಶರು. ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದ ಮಗ ಜೋಹಾನ್ಸ್‌ಬರ್ಗ್‌ನಲ್ಲಿ ಹೆಸರಾಂತ ವಕೀಲರಾದರು. ದೊಡ್ಡ ಗಣಿ ಕಂಪನಿಗಳು ಅವರ ಕಕ್ಷಿದಾರರು. ಅದೇ ಕಾಲದಲ್ಲಿ ಅವರು ನಿಷೇಧಿತ ಕಮ್ಯುನಿಸ್ಟ್ ಪಕ್ಷಕ್ಕಾಗಿ ಗುಟ್ಟಾಗಿ ದುಡಿಯುತ್ತಿದ್ದರು. ವರ್ಣಭೇದವನ್ನು ವಿರೋಧಿಸಿ ಕಟಕಟೆ ಏರಿದವರ ಪರ ನಿಲ್ಲುತ್ತಿದ್ದರು. ರಿವೋನಿಯಾ ಮೊಕದ್ದಮೆಯಲ್ಲಿ ಮಂಡೇಲಾ ಮತ್ತು ಸಂಗಡಿಗರ ಪರ ವಕೀಲರ ಮುಂದಾಳು ಅವರೇ. 1964ರ ಜೂನ್ 12ರಂದು ಎಂಟು ಮಂದಿಗೆ ಗಲ್ಲು ತಪ್ಪಿ ಜೀವಾವಧಿ ಶಿಕ್ಷೆಯಾಯಿತು. ಮರುದಿನವೇ ಪತ್ನಿ ಮಾಲಿ ಕಾರು ಅಪಘಾತದಲ್ಲಿ ತೀರಿಕೊಂಡರು.

ಸೆಪ್ಟೆಂಬರಿನಲ್ಲಿ ಫಿಷರ್ ಅವರನ್ನೇ ಬಂಧಿಸಲಾಯಿತು. ಔಷಧ ಕಂಪನಿಯೊಂದರ ಮೊಕದ್ದಮೆಯಲ್ಲಿ ಲಂಡನ್‌ನ ಪ್ರಿವಿ ಕೌನ್ಸಿಲ್ ಮುಂದೆ ವಾದಿಸಲು ಅವರಿಗೆ ಜಾಮೀನು ಸಿಕ್ಕಿತು. ಅಲ್ಲೇ ಉಳಿದುಬಿಡಬಹುದಿತ್ತು. ಮಾತು ಕೊಟ್ಟಿದ್ದರಿಂದ ವಿಚಾರಣೆಗೆ ಹಿಂದಿರುಗಿದರು.

ಇಲ್ಲಿ ಪಾಠ ನಿಲ್ಲಿಸಿ ಪ್ರಶ್ನೆ ಕೇಳಿದೆ. ಹಿಂದಿನ ಬೆಂಚಿನ ಹುಡುಗಿ ಇವರು ಪುಣ್ಯಕೋಟಿಯಂತೆ ಎಂದಳು. ನನ್ನ ಪಾಠಯೋಜನೆಯಲ್ಲೂ ಮೌಲ್ಯ ಎಂಬ ಶೀರ್ಷಿಕೆಯಡಿ ಸತ್ಯನಿಷ್ಠೆ ಎಂದೇ ಬರೆದಿದ್ದೆ. ಅಲ್ಲಿಗೇ ಮುಗಿಸುವ ಆಸೆ ಬಂತು. ಮುಗಿಸಲಿಲ್ಲ.

1965ರ ಜನವರಿಯಲ್ಲಿ ಜಾಮೀನಿನ ಮೇಲಿದ್ದ ಫಿಷರ್ ಕಣ್ಮರೆಯಾದರು. ತಾನು ಶಿಕ್ಷೆಗೆ ಹೆದರಿ ಹೋಗುತ್ತಿಲ್ಲ, ಅನ್ಯಾಯದ ಕಾನೂನನ್ನು ಎದುರಿಸುವುದು ತನ್ನ ಕರ್ತವ್ಯ ಎಂಬರ್ಥದ ಪತ್ರವನ್ನು ನ್ಯಾಯಾಲಯಕ್ಕೆ ಕಳಿಸಿದ್ದರು. ದೇಶ ಬಿಡದೆ, ವೇಷ ಮರೆಸಿಕೊಂಡು ಜೋಹಾನ್ಸ್‌ಬರ್ಗ್‌ನಲ್ಲೇ ಇದ್ದರು. ವಕೀಲರ ಪಟ್ಟಿಯಿಂದ ಅವರ ಹೆಸರನ್ನು ತೆಗೆದುಹಾಕಲಾಯಿತು. ನವೆಂಬರಿನಲ್ಲಿ ಸಿಕ್ಕಿಬಿದ್ದರು, 1966ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಜೈಲಿನಲ್ಲಿ ಕ್ಯಾನ್ಸರ್ ತಗುಲಿ, ಕೊನೆಯ ದಿನಗಳನ್ನು ತಮ್ಮನ ಮನೆಯಲ್ಲಿ ಕಳೆದು 1975ರ ಮೇ 8ರಂದು ತೀರಿಕೊಂಡರು.

ತರಗತಿ ಎರಡು ಪಾಲಾಯಿತು. ಮಾತು ಮುರಿದದ್ದು ತಪ್ಪೆಂದು ಕೆಲವರು. ಯಾರಿಗೆ ಕೊಟ್ಟ ಮಾತು ಎಂದು ನೋಡಬೇಕೆಂದು ಕೆಲವರು. ಪುಣ್ಯಕೋಟಿಯ ಹುಲಿಗೆ ಕೊನೆಗೆ ಮನಸ್ಸು ಕರಗಿತು, ಆ ಸರ್ಕಾರಕ್ಕೆ ಕರಗಲಿಲ್ಲವಲ್ಲ ಎಂದು ಅದೇ ಹುಡುಗಿ ಕೇಳಿದಳು. ಉತ್ತರ ನನ್ನಲ್ಲಿ ಸಿದ್ಧವಿರಲಿಲ್ಲ. 2003ರಲ್ಲಿ ಫಿಷರ್ ಹೆಸರನ್ನು ಮತ್ತೆ ವಕೀಲರ ಪಟ್ಟಿಗೆ ಸೇರಿಸಿದರೆಂದು ಹೇಳುವಷ್ಟರಲ್ಲಿ ಗಂಟೆ ಬಾರಿಸಿತು.

ನ್ಯಾಯಾಲಯಕ್ಕೇ 38 ವರ್ಷ ಹಿಡಿದ ಪ್ರಶ್ನೆಯನ್ನು ನಾನು ಒಂದೇ ಅವಧಿಯಲ್ಲಿ ಮುಗಿಸಲು ಹೊರಟಿದ್ದೆ. ಮುಂದಿನ ಪಾಠಯೋಜನೆಯಲ್ಲಿ ಮೌಲ್ಯದ ಜಾಗವನ್ನು ಖಾಲಿ ಬಿಡುತ್ತೇನೆ. ಅದನ್ನು ಮಕ್ಕಳು ತುಂಬಲಿ.