ಮುಚ್ಚಿದ ಬುರುಡೆಯೊಳಗಿನ ಗೆಡ್ಡೆ ಹುಡುಕಿದ ಹಾರ್ವೆ ಕುಶಿಂಗ್

ಮಕ್ಕಳೇ, ನಿಮ್ಮ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳಿ. ಎಷ್ಟು ಗಟ್ಟಿ, ಅಲ್ಲವೇ? ಈ ಬುರುಡೆಯೊಳಗೆ ಮಿದುಳಿನಲ್ಲಿ ಗೆಡ್ಡೆ ಬೆಳೆದರೆ ಅದು ಎಲ್ಲಿದೆಯೆಂದು ವೈದ್ಯರಿಗೆ ತಿಳಿಯುವುದು ಹೇಗೆ? ಈಗ ಸಿ.ಟಿ., ಎಂ.ಆರ್.ಐ. ಯಂತ್ರಗಳಿವೆ. ಅವು ಇಲ್ಲದ ಕಾಲದಲ್ಲಿ ಈ ಹುಡುಕಾಟ ನಡೆಸಿದವರು ಹಾರ್ವೆ ಕುಶಿಂಗ್.

ಕುಶಿಂಗ್ 1869ರ ಏಪ್ರಿಲ್ 8ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಜನಿಸಿದರು. ತಂದೆ, ಅಜ್ಜ, ಮುತ್ತಜ್ಜ ಮೂವರೂ ವೈದ್ಯರು. ಕುಶಿಂಗ್ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ, ಶಸ್ತ್ರಚಿಕಿತ್ಸೆಗೆ ಬಂದ ರೋಗಿಯೊಬ್ಬನಿಗೆ ಪ್ರಜ್ಞೆ ತಪ್ಪಿಸಲು ಈಥರ್ ಕೊಡುವ ಕೆಲಸ ಅವರ ಪಾಲಿಗೆ ಬಂತು. ಆ ರೋಗಿ ಅಲ್ಲಿಯೇ ತೀರಿಕೊಂಡ. ಓದನ್ನೇ ಬಿಡಬೇಕು ಎನಿಸುವಷ್ಟು ಅವರು ನೊಂದರು. ಆದರೆ ಬಿಡಲಿಲ್ಲ. ಮುಂದೆ ಗೆಳೆಯ ಕಾಡ್‌ಮನ್ ಜೊತೆ ಸೇರಿ, ಶಸ್ತ್ರಚಿಕಿತ್ಸೆಯ ಉದ್ದಕ್ಕೂ ರೋಗಿಯ ನಾಡಿಬಡಿತವನ್ನು ಗುರುತು ಹಾಕುವ ಪಟ್ಟಿಯನ್ನು ತಯಾರಿಸಿದರು. ನೋಡಿದ್ದನ್ನೆಲ್ಲ ಬರೆದಿಡುವ ಅಭ್ಯಾಸ ಕೊನೆಯವರೆಗೂ ಅವರ ಜೊತೆಗಿತ್ತು.

1895ರಲ್ಲಿ ಕ್ಷ-ಕಿರಣ ಪತ್ತೆಯಾಯಿತು. ಆದರೆ ಆ ಚಿತ್ರದಲ್ಲಿ ಮೂಳೆ ಕಾಣುತ್ತಿತ್ತೇ ಹೊರತು ಮೆತ್ತನೆಯ ಮಿದುಳು ಕಾಣುತ್ತಿರಲಿಲ್ಲ. ಹಾಗಾಗಿ ಕುಶಿಂಗ್ ರೋಗಿಯ ಕಣ್ಣಿನಲ್ಲೇ ಸುಳಿವು ಹುಡುಕಿದರು. ಎರಡು ಕಣ್ಣುಗಳ ದೃಷ್ಟಿನರಗಳು ಮಿದುಳಿನ ತಳದಲ್ಲಿ ಒಂದೆಡೆ ಕೂಡುತ್ತವೆ. ಅದರ ಕೆಳಗೇ ಕಡಲೆಕಾಳಿನಷ್ಟು ಪುಟ್ಟದಾದ ಪಿಟ್ಯುಟರಿ ಗ್ರಂಥಿ ಇದೆ. ಅಲ್ಲಿ ಗೆಡ್ಡೆ ಬೆಳೆದು ನರಗಳನ್ನು ಒತ್ತಿದರೆ, ಎದುರಿಗಿರುವುದು ಕಂಡರೂ ಎಡಬಲ ಪಕ್ಕಗಳಲ್ಲಿರುವುದು ಮರೆಯಾಗುತ್ತದೆ.

ಪಕ್ಕದ ನೋಟ ಎಂದರೇನೆಂದು ನೀವೇ ಮಾಡಿ ನೋಡಿ. ಎಡಗಣ್ಣು ಮುಚ್ಚಿ, ಗೋಡೆಯ ಮೇಲಿನ ಒಂದು ಚುಕ್ಕೆಯನ್ನೇ ನೋಡುತ್ತಿರಿ. ಗೆಳೆಯ ನಿಮ್ಮ ಬಲಗಿವಿಯ ಪಕ್ಕದಿಂದ ಬೆರಳನ್ನು ನಿಧಾನವಾಗಿ ಮುಂದಕ್ಕೆ ತರಲಿ. ಬೆರಳು ಕಂಡ ಕೂಡಲೇ ಹೇಳಿ. (ಕಣ್ಣು ತಿರುಗಿಸಿದರೆ ಆಟ ಕೆಟ್ಟಿತು!) ಕುಶಿಂಗ್ ಮತ್ತು ಅವರ ಜೊತೆಗಾರರು ಹೀಗೆಯೇ ಪುಟ್ಟ ಬಿಲ್ಲೆಯನ್ನು ಎಲ್ಲ ದಿಕ್ಕುಗಳಿಂದ ತಂದು, ರೋಗಿಗೆ ಎಲ್ಲಿ ಕಾಣುತ್ತದೆ, ಎಲ್ಲಿ ಕಾಣದು ಎಂಬುದರ ನಕ್ಷೆ ಬರೆದರು. ಆಮೇಲೆ ಕ್ಷ-ಕಿರಣ ಚಿತ್ರ ನೋಡುವರು. ಪಿಟ್ಯುಟರಿ ಕುಳಿತಿರುವ ಮೂಳೆಯ ಗುಳಿ ಹಿಗ್ಗಿದ್ದರೆ ಊಹೆಗೆ ಇನ್ನಷ್ಟು ಬಲ.

ಊಹೆ ಪ್ರತಿ ಸಲವೂ ಸರಿಯಾಗುತ್ತಿರಲಿಲ್ಲ. ತಪ್ಪಿದ್ದನ್ನೂ ಅವರು ಬಚ್ಚಿಡದೆ ಬರೆದರು. ಇದು ನನಗೆ ಅವರ ಚುರುಕಾದ ಕೈಗಿಂತ ದೊಡ್ಡದೆನಿಸುತ್ತದೆ. ತೆಗೆದ ಗೆಡ್ಡೆಗಳನ್ನು ಜಾಡಿಗಳಲ್ಲಿ ಕಾಪಾಡಿದರು. ಆ ಸಂಗ್ರಹ ಯೇಲ್ ವಿಶ್ವವಿದ್ಯಾಲಯದಲ್ಲಿದೆ. 1931ರ ಹೊತ್ತಿಗೆ ಅವರು 2000 ಮಿದುಳು ಗೆಡ್ಡೆಗಳ ಶಸ್ತ್ರಚಿಕಿತ್ಸೆ ಮಾಡಿದ್ದರು.

1939ರ ಅಕ್ಟೋಬರ್ 7ರಂದು ಕುಶಿಂಗ್ ಹೃದಯಾಘಾತದಿಂದ ತೀರಿಕೊಂಡರು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರಿಗೆ ಅವರ ಮಿದುಳಿನ ನಡುವೆಯೇ ಒಂದು ಪುಟ್ಟ ಗಂಟು ಸಿಕ್ಕಿತು.